ಅಮೆರಿಕದಲ್ಲಿ ಬಂದೂಕು ಎಲ್ಲರಿಗೂ ಸಿಗುತ್ತದೆಯೇ?

ಪ್ರಶ್ನೆ: ಎಚ್‌-1ಬಿ ವೀಸಾದಲ್ಲಿ ಅಮೆರಿಕಕ್ಕೆ ಹೋದ ಮಗ ಗುರಿ ಹೊಡೆಯುವ ಹವ್ಯಾಸಕ್ಕೆ ಬಂದೂಕು ಕೊಳ್ಳುತ್ತೇನೆ ಎನ್ನುತ್ತಾನೆ. ಇಲ್ಲಿ ತೋಟ ಕಾಯುವುದಕ್ಕೇ ಲೈಸೆನ್ಸ್ ಸಿಗುವುದು ಕಷ್ಟ. ಅಲ್ಲಿ ಅಷ್ಟು ಸುಲಭವೇ?
– ಓದುಗರು, ಹೊನ್ನವಳ್ಳಿ

ಉತ್ತರ: ಸುಲಭವೇ, ಆದರೆ ಅಲ್ಲಿನ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಮೊದಲು ಕೇಳುವುದು ‘ಯಾಕೆ ಬೇಕು’ ಎಂದು. ತೆಂಗಿನ ಸಸಿಯ ಬುಡ ಅಗೆಯುವ ಕಾಡುಹಂದಿಯ ಕಾಟ ಹೇಳಿಕೊಂಡು ಅರ್ಜಿ ಹಾಕಿದರೂ ಪೊಲೀಸ್ ವರದಿ ಬರಬೇಕು, ಲೈಸೆನ್ಸ್ ಬಂದರೂ ಹಂದಿ ಕೊಲ್ಲಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಅಮೆರಿಕ ಕೇಳುವುದು ‘ನೀನು ಯಾರು’ ಎಂದು. ಅಲ್ಲಿನ ಬಂದೂಕು ಕಾನೂನಿಗೆ ಆದ 1998ರ ತಿದ್ದುಪಡಿಯಿಂದ, ಎಚ್‌-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಹೊಂದುವುದೇ ಅಪರಾಧ. 15 ವರ್ಷದವರೆಗೆ ಜೈಲು, ಮೇಲೆ ಗಡೀಪಾರಿನ ಭಯ.

‘ಕೊಳ್ಳುವುದಿಲ್ಲ, ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಹಿಡಿಯುತ್ತೇನೆ’ ಎಂದರೆ? ಕೈಗೆ ಬಂದ ಬಂದೂಕೂ ‘ಹೊಂದಿದ’ ಲೆಕ್ಕಕ್ಕೇ ಬರಬಹುದು. ‘ಅಂಗಡಿಯವರೇ ಕೊಡುತ್ತಾರಲ್ಲ’ ಎಂಬ ವಾದವೂ ನಿಲ್ಲದು. ಕೊಳ್ಳುವಾಗ ತುಂಬುವ ನಮೂನೆ 4473ರಲ್ಲಿ ವೀಸಾದ ಪ್ರಶ್ನೆಯೇ ಇದೆ, ಸುಳ್ಳು ಬರೆದರೆ ಅದು ಇನ್ನೊಂದು ಅಪರಾಧ. ಒಂದು ದಾರಿಯಿದೆ: ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಈ ನಿಷೇಧಕ್ಕೆ ವಿನಾಯಿತಿ. ಮಗ ಮೊದಲು ಅದನ್ನು ಪಡೆಯಲಿ, ವಲಸೆ ವಕೀಲರನ್ನು ಕೇಳಲಿ; ಬಂದೂಕು ಆಮೇಲೆ.