ಸಂಬಳ ಮೂರು ಪಟ್ಟು, ಜಾಣತನ ಎಷ್ಟು ಪಟ್ಟು?

ಕಂಪನಿಯ ಉಪಾಧ್ಯಕ್ಷನಿಗೆ ಬಡ್ತಿ ಸಿಕ್ಕಿ ಅಧ್ಯಕ್ಷನಾದ ದಿನವೇ ಸಂಬಳ ಮೂರು ಪಟ್ಟಾಗಿಬಿಡಬಹುದು. ರಾತ್ರಿ ಬೆಳಗಾಗುವುದರೊಳಗೆ ಆತನ ಜಾಣತನವೂ ಮೂರು ಪಟ್ಟಾಯಿತೇ? ಕ್ಯಾಂಟೀನಿನಲ್ಲಿ ಟೀ ಹೀರುತ್ತಾ ಆಡುವಂಥ ಈ ಕೊಂಕನ್ನು ಎಡ್ವರ್ಡ್ ಲೇಜಿಯರ್ ಮತ್ತು ಶೆರ್ವಿನ್ ರೋಸೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1981ರಲ್ಲಿ ಗಂಭೀರವಾಗಿ ತೆಗೆದುಕೊಂಡರು. ಅವರ ಪ್ರಕಾರ ಆ ಭಾರಿ ಸಂಬಳ ದುಡಿಸುವುದು ಕುರ್ಚಿಯಲ್ಲಿ ಕೂತವನಿಗಿಂತ ಹೆಚ್ಚಾಗಿ, ಆ ಕುರ್ಚಿಯ ಮೇಲೆ ಕಣ್ಣಿಟ್ಟ ಕೆಳಗಿನವರನ್ನು.

ಯಾರು ಎಷ್ಟು ಕೆಲಸ ಮಾಡಿದರೆಂದು ತೂಗುವುದು ಕಷ್ಟ; ಯಾರು ಯಾರಿಗಿಂತ ಮುಂದಿದ್ದಾರೆ ಎಂದು ಹೇಳುವುದು ಅಷ್ಟು ಕಷ್ಟವಲ್ಲ. ಹಾಗಾಗಿ ಕಚೇರಿಯೂ ಒಂದು ಟೂರ್ನಮೆಂಟ್. ಗೆದ್ದವರಿಗೂ ಸೋತವರಿಗೂ ಸಿಗುವುದರ ನಡುವಿನ ಅಂತರ ಹಿಗ್ಗಿದಷ್ಟೂ ಬೆವರು ಹೆಚ್ಚು. ಗೆಲುವಿನಲ್ಲಿ ಅದೃಷ್ಟದ ಪಾಲು ಜಾಸ್ತಿಯಿದ್ದರೆ ಅಂತರವನ್ನು ಇನ್ನೂ ಹಿಗ್ಗಿಸಬೇಕು, ಇಲ್ಲದಿದ್ದರೆ ಯಾರೂ ಮೈಮುರಿದು ದುಡಿಯುವುದಿಲ್ಲ.

ಕಾಗದದ ಮೇಲೆ ಸೊಗಸಾಗಿದೆ. ಪರೀಕ್ಷಿಸುವುದು ಹೇಗೆ?

ರೊನಾಲ್ಡ್ ಎರೆನ್‌ಬರ್ಗ್ ಮತ್ತು ಮೈಕೆಲ್ ಬೊಗ್ನಾನೊ ಎಂಬ ಅರ್ಥಶಾಸ್ತ್ರಜ್ಞರು ಗಾಲ್ಫ್ ಮೈದಾನದತ್ತ ತಿರುಗಿದರು. ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಆಟ ಚೆನ್ನ. ಪ್ರತಿ ಹೊಡೆತಕ್ಕೂ ಲೆಕ್ಕವಿದೆ. ಅಮೆರಿಕದ ವೃತ್ತಿಪರ ಟೂರ್ನಿಗಳಲ್ಲಿ ಆಗ ಹಣ ಹಂಚುತ್ತಿದ್ದ ಸೂತ್ರವೂ ಹೆಚ್ಚುಕಡಿಮೆ ಒಂದೇ: ಒಟ್ಟು ಮೊತ್ತದಲ್ಲಿ ಮೊದಲಿಗನಿಗೆ ಶೇ. 18, ಎರಡನೆಯವನಿಗೆ ಶೇ. 10.8. ಬದಲಾಗುತ್ತಿದ್ದುದು ಒಟ್ಟು ಮೊತ್ತ ಮಾತ್ರ. ಸಂಶೋಧಕನಿಗೆ ಇದಕ್ಕಿಂತ ಇನ್ನೇನು ಬೇಕು! 1984ರ ಪಂದ್ಯಗಳನ್ನು ಜಾಲಾಡಿದಾಗ, ಬಹುಮಾನದ ಮೊತ್ತ ಒಂದು ಲಕ್ಷ ಡಾಲರ್ ಏರಿದರೆ 72 ಕುಳಿಗಳ ಆಟದಲ್ಲಿ ಆಟಗಾರನ ಹೊಡೆತ ಸುಮಾರು 1.1ರಷ್ಟು ಇಳಿಯುತ್ತದೆ ಎಂದು ಕಂಡಿತು. ಅದೂ ಹೆಚ್ಚಾಗಿ ದಣಿವು ಆವರಿಸುವ ಕೊನೆಯ ಸುತ್ತುಗಳಲ್ಲಿ.

ದುಡ್ಡು ಸುರಿದರೆ ದುಡಿಮೆ ತಾನಾಗಿ ಬರುತ್ತದೆ ಎನ್ನುವವರಿಗೆ ಈ 1.1 ಬಲು ಪ್ರಿಯ. ಆದರೆ ಜೊನಾಥನ್ ಓರ್ಸ್‌ಜಾಗ್ ಎಂಬ ಅರ್ಥಶಾಸ್ತ್ರಜ್ಞ 1992ರ ಪಂದ್ಯಗಳನ್ನು ಹಿಡಿದು ಅದೇ ಲೆಕ್ಕ ಹಾಕಿದಾಗ ಗಟ್ಟಿಯಾದ ಪರಿಣಾಮವೇನೂ ಕಾಣಲಿಲ್ಲ.

ಇನ್ನೂ ಕುತೂಹಲಕರವಾದದ್ದು ಗಾಲ್ಫ್ ದಿಗ್ಗಜ ಟೈಗರ್ ವುಡ್ಸ್ ಕತೆ. ಮೊದಲ ಸ್ಥಾನ ಯಾರಿಗೆಂದು ಮುಂಚೆಯೇ ಗೊತ್ತಿದ್ದರೆ ಉಳಿದವರು ಏಕೆ ಹೆಣಗಬೇಕು? ಅರ್ಥಶಾಸ್ತ್ರಜ್ಞೆ ಜೆನಿಫರ್ ಬ್ರೌನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವುಡ್ಸ್ ಕಣದಲ್ಲಿದ್ದಾಗ ಒಳ್ಳೊಳ್ಳೆಯ ಆಟಗಾರರ ಹೊಡೆತ ಇಡೀ ಟೂರ್ನಿಯಲ್ಲಿ ಸುಮಾರು 0.8ರಷ್ಟು ಹೆಚ್ಚಿತ್ತು. ಆತನ ಆಟ ಮಂಕಾಗಿದ್ದ ದಿನಗಳಲ್ಲಿ ಈ ವ್ಯತ್ಯಾಸ ಮಾಯ! ಈ ಲೆಕ್ಕಕ್ಕೂ ಆಕ್ಷೇಪಗಳು ಬಂದಿವೆ. ಆದರೂ ತರಗತಿಯಲ್ಲಿ ಸದಾ ಒಬ್ಬಳೇ ಮೊದಲ ರ‍್ಯಾಂಕ್ ಪಡೆಯುತ್ತಿದ್ದುದನ್ನು ಕಂಡವರಿಗೆ ಇದು ತೀರಾ ಅಚ್ಚರಿಯೇನಲ್ಲ.

ಗಾಲ್ಫ್‌ನಲ್ಲಿ ಎದುರಾಳಿಯ ಚೆಂಡನ್ನು ಪೊದೆಗೆ ಒದೆಯುವಂತಿಲ್ಲ. ಕಚೇರಿಯಲ್ಲಿ ಆ ದಾರಿ ತೆರೆದೇ ಇರುತ್ತದೆ: ಮಾಹಿತಿ ಬಚ್ಚಿಡುವುದು, ಹೊಸಬನಿಗೆ ಕೆಲಸ ಹೇಳಿಕೊಡದಿರುವುದು, ಮೀಟಿಂಗಿನಲ್ಲಿ ಕಾಲೆಳೆಯುವುದು. ಲೇಜಿಯರ್ ಅವರೇ 1989ರಲ್ಲಿ ಇದನ್ನು ಎತ್ತಿ ತೋರಿಸಿ, ಒಟ್ಟಾಗಿ ಕೆಲಸ ಮಾಡಬೇಕಾದ ಕಡೆ ಸಂಬಳದ ಅಂತರ ಕುಗ್ಗಿಸುವುದೇ ಲಾಭ ಎಂದರು. ನೌಕರರನ್ನು ಬೆಲ್ ಕರ್ವ್‌ನಲ್ಲಿ ಕೂರಿಸಿ, ಇಂತಿಷ್ಟು ಮಂದಿಗೆ ಕಳಪೆ ಅಂಕ ಕೊಡಲೇಬೇಕೆಂದ ಕಂಪನಿಗಳಿಗೆ ಇದು ತಟ್ಟಲು ಬಹಳ ಕಾಲ ಹಿಡಿಯಿತು. ಮೈಕ್ರೋಸಾಫ್ಟ್ ಈ ಪದ್ಧತಿಯನ್ನು ಕೈಬಿಟ್ಟದ್ದು 2013ರಲ್ಲಿ. ಬೆಂಗಳೂರಿನ ಇನ್ಫೋಸಿಸ್ 2015ರಲ್ಲಿ.