ಹಾಲು, ಕಬ್ಬು, ಹೊಗೆಸೊಪ್ಪು: ಕೆಮಿಸ್ಟ್ ಬಂದ ದಾರಿ

ಹುಣಸೂರು, ಪಿರಿಯಾಪಟ್ಟಣ ಕಡೆಯ ಯಾವ ಊರಿಗಾದರೂ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಡೇರಿ ಮುಂದೆ ಕ್ಯಾನು ಹಿಡಿದವರ ಸಾಲು. ಒಳಗೆ ಹಾಲು ಪರೀಕ್ಷಕನ ಮೇಜು. ಅಲ್ಲಿ ದಿನವೂ ನಡೆಯುವ ಜಗಳ ಒಂದೇ.

'ನಿನ್ನೆ ನಾಲ್ಕು ಬಂದಿತ್ತಲ್ಲಣ್ಣ, ಇವತ್ಯಾಕೆ ಮೂರೂವರೆ?'

'ಬರೀ ಹಸಿಮೇವು ಹಾಕ್ತಿದ್ದೀಯ ಕಣವ್ವ. ಒಣಹುಲ್ಲೂ ಹಾಕು, ಫ್ಯಾಟು ಬತ್ತದೆ.'

ಇಬ್ಬರೂ ಮಾತಾಡುತ್ತಿರುವುದು ರಸಾಯನಶಾಸ್ತ್ರವನ್ನೇ. ಅವನು ಹೇಳಿದ್ದು ಸರಿಯೂ ಹೌದು: ಮೇವಿನಲ್ಲಿ ನಾರು ಕಡಿಮೆಯಾದರೆ ಹಾಲಿನ ಕೊಬ್ಬು ಇಳಿಯುತ್ತದೆ. ಈಗ ಮೇಜಿನ ಮೇಲಿರುವುದು ಕ್ಷಣದಲ್ಲಿ ಅಂಕಿ ತೋರಿಸುವ ಯಂತ್ರ. ಅದಕ್ಕೆ ಮುಂಚೆ ಇದ್ದದ್ದು ಗರ್ಬರ್ ಪರೀಕ್ಷೆ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1890ರ ದಶಕದ ಆರಂಭದಲ್ಲಿ ಕಂಡುಹಿಡಿದ ವಿಧಾನ ಅದು. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ ಮೊದಲು 10 ಮಿ.ಲೀ. ಗಂಧಕಾಮ್ಲ, ಅದರ ಮೇಲೆ ಗೋಡೆಗುಂಟ ಇಳಿಯುವಂತೆ 10.75 ಮಿ.ಲೀ. ಹಾಲು, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೊಹಾಲ್. ಬಿರಡೆ ಬಿಗಿದು ಅಲುಗಿಸಿದರೆ ಕೊಳವೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ, ಹಾಲು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆಮ್ಲ ಪ್ರೊಟೀನನ್ನೆಲ್ಲ ಕರಗಿಸಿ ಕೊಬ್ಬನ್ನಷ್ಟೇ ಬಿಟ್ಟುಕೊಡುತ್ತದೆ. ಆಮೇಲೆ ಕೊಳವೆಗಳನ್ನು ತಿರುಗುಯಂತ್ರಕ್ಕೆ ಹಾಕಿ ಐದು ನಿಮಿಷ ಸುತ್ತಿಸಬೇಕು. ಕೊಬ್ಬು ಕೊಳವೆಯ ಸಪೂರ ಕತ್ತಿಗೆ ಬಂದು ನಿಲ್ಲುತ್ತದೆ. ಅಲ್ಲಿರುವ ಗೆರೆ ಓದಿದರೆ ಅದೇ ಫ್ಯಾಟು.

ಎಸ್ಸೆಸ್ಸೆಲ್ಸಿ ಓದಿದ ಹುಡುಗರು ಅಷ್ಟು ಗಟ್ಟಿ ಗಂಧಕಾಮ್ಲವನ್ನು ದಿನಕ್ಕೆರಡು ಹೊತ್ತು ಹೀಗೆ ಅಳೆದು ಸುರಿದಿದ್ದಾರೆ. ಅಂಗಿಯ ತೋಳಿನಲ್ಲಿ ಆಮ್ಲ ಸಿಡಿದ ತೂತು ಆ ಕೆಲಸದ ಗುರುತಾಗಿತ್ತು. ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಕರ್ನಾಟಕದಲ್ಲಿ ಹೈನು ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಊರೂರಿಗೆ ಸಹಕಾರ ಸಂಘ ಬಂತು, ಸಂಘದ ಜತೆಗೆ ಈ ಕೊಳವೆಯೂ ಬಂತು. ಬಿಳಿ ಕೋಟು ಹಾಕದಿದ್ದರೇನು, ನಮ್ಮ ಹಳ್ಳಿಗಳು ಕಣ್ಣಾರೆ ಕಂಡ ಮೊದಲ ಕೆಮಿಸ್ಟ್ ಈ ಹಾಲು ಪರೀಕ್ಷಕನೇ ಎನ್ನಬೇಕು.

ನನ್ನ ಲೆಕ್ಕದಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಎಂಬ ಈ ನಾಲ್ಕು ತಾಲ್ಲೂಕುಗಳಿಗೆ ರಸಾಯನಶಾಸ್ತ್ರ ಬಂದದ್ದು ಪಾಠದ ಪುಸ್ತಕದಿಂದಲ್ಲ, ಬೆಲೆಯಿಂದ. ಹಾಲಿನ ಬೆಲೆ, ಕಬ್ಬಿನ ಬೆಲೆ, ಹೊಗೆಸೊಪ್ಪಿನ ಬೆಲೆ. ಮೂರರಲ್ಲೂ ತೂಕ ಅರ್ಧ ಲೆಕ್ಕ. ಉಳಿದರ್ಧ ಆ ಮಾಲಿನೊಳಗೆ ಏನು ಎಷ್ಟಿದೆ ಎಂಬುದು.

ಮೈಸೂರು ಸೀಮೆಯಲ್ಲಿ ಕೆಮಿಸ್ಟ್‌ನ ಕಸುಬು ಶುರುವಾದದ್ದು ಮಾತ್ರ ಗಂಧದಿಂದ. ಹುಣಸೂರು, ಹೆಗ್ಗಡದೇವನಕೋಟೆಯ ಕಾಡಂಚಿನಿಂದ ಹಿಡಿದು ಸಂಸ್ಥಾನದ ಉದ್ದಗಲಕ್ಕೂ ಬೆಳೆಯುತ್ತಿದ್ದ ಶ್ರೀಗಂಧ ಟಿಪ್ಪುವಿನ ಕಾಲದಿಂದಲೂ ಸರ್ಕಾರದ ಸ್ವತ್ತು. ಕೊರಡನ್ನು ಹರಾಜು ಹಾಕುತ್ತಿದ್ದರು, ಅದು ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವವರು ಅಲ್ಲಿದ್ದರು. 1914ರಲ್ಲಿ ಯುದ್ಧ ಶುರುವಾಯಿತು, ಹಡಗು ನಿಂತಿತು, ಕೊರಡು ಇಲ್ಲೇ ಉಳಿಯಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ, ಕೈಗಾರಿಕೆ ನೋಡಿಕೊಳ್ಳುತ್ತಿದ್ದವರು ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಎಂದರೆ ಜನರ ಮಾತಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಕೊರಡನ್ನು ಪುಡಿ ಮಾಡಿ, ಹಬೆ ಹಾಯಿಸಿ ಎಣ್ಣೆ ತೆಗೆದು ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ತಯಾರಿ ಶುರುವಾಯಿತು, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಬಂತು.

ಎಣ್ಣೆಯ ಬೆನ್ನಿಗೆ ಸಾಬೂನು. ಅದನ್ನು ಮಾಡುವ ವಿದ್ಯೆ ಕಲಿತು ಬರಲು ಸಂಸ್ಥಾನ ಇಂಗ್ಲೆಂಡಿಗೆ ಕಳಿಸಿದ್ದು ನಮ್ಮದೇ ಜಿಲ್ಲೆಯ ಸೋಸಲೆಯ ಹೆಸರು ಹೊತ್ತ ಎಸ್.ಜಿ. ಶಾಸ್ತ್ರಿಯವರನ್ನು. ಸೋಸಲೆ ಗರಳಪುರಿ ಶಾಸ್ತ್ರಿ. ಜನ ಅವರನ್ನು ಸೋಪ್ ಶಾಸ್ತ್ರಿ ಎಂದೇ ಕರೆದರು. ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ಇವತ್ತಿಗೂ ಇರುವ ಶರಭದ ಚಿಹ್ನೆ ಆರಿಸಿದವರೂ ಅವರೇ. ರಸಾಯನಶಾಸ್ತ್ರ ಓದಿದರೆ ಮೇಷ್ಟ್ರ ಕೆಲಸ ಬಿಟ್ಟು ಬೇರೆ ದಾರಿಯೂ ಉಂಟು ಎಂದು ಈ ನಾಡಿಗೆ ತೋರಿಸಿಕೊಟ್ಟ ಹೆಸರು ಅದು. ಹುಣಸೂರಿನಲ್ಲಿ ಇದಕ್ಕೂ ಹಿಂದೆ ಬ್ರಿಟಿಷ್ ಸೈನ್ಯಕ್ಕೆ ಚರ್ಮ ಹದ ಮಾಡುವ ಕಾರ್ಖಾನೆಯೊಂದಿತ್ತು. ತೊಗಟೆಯ ಒಗರಿನಿಂದ ಚರ್ಮ ಹದ ಮಾಡುವುದೂ ರಸಾಯನವೇ. ಅದನ್ನು ಮಾಡಿದವರನ್ನು ಮಾತ್ರ ಯಾರೂ ಕೆಮಿಸ್ಟ್ ಎನ್ನಲಿಲ್ಲ.

ಕೆ.ಆರ್. ನಗರದ ಕಡೆ ಕೆಮಿಸ್ಟ್ ಎಂದ ಕೂಡಲೇ ನೆನಪಾಗುವುದು ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ. ಊರು ಈಗ ಸಾಲಿಗ್ರಾಮ ತಾಲ್ಲೂಕಿಗೆ ಸೇರಿದೆ. ಕಾರ್ಖಾನೆ ಹಲವು ವರ್ಷ ಬಾಗಿಲು ಹಾಕಿದ್ದು, ಮತ್ತೆ ತೆರೆಯುವುದಕ್ಕೆ ರೈತರು ಓಡಾಡಿದ್ದು ಈ ಭಾಗದವರಿಗೆಲ್ಲ ಗೊತ್ತು. ಸಕ್ಕರೆ ಕಾರ್ಖಾನೆಯಲ್ಲಿ ಲ್ಯಾಬ್ ಕೆಮಿಸ್ಟ್, ಮ್ಯಾನುಫ್ಯಾಕ್ಚರಿಂಗ್ ಕೆಮಿಸ್ಟ್, ಚೀಫ್ ಕೆಮಿಸ್ಟ್ ಎಂಬ ಹುದ್ದೆಗಳೇ ಇವೆ. ರಸಕ್ಕೆ ಸುಣ್ಣ ಎಷ್ಟು ಬೀಳಬೇಕು, ಗಂಧಕದ ಹೊಗೆ ಎಷ್ಟು ಹಾಯಬೇಕು, ಪಾಕ ಯಾವಾಗ ಇಳಿಸಬೇಕು ಎನ್ನುವುದೆಲ್ಲ ಇವರ ಕೈಯಲ್ಲಿ.

ಇವರ ಮುಖ್ಯ ಉಪಕರಣ ಪೋಲಾರಿಮೀಟರ್. ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನು ಸಕ್ಕರೆ ನೀರಿನ ಮೂಲಕ ಹಾಯಿಸಿದರೆ ಆ ತಲ ಬಲಕ್ಕೆ ತಿರುಗುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ತಿರುವು ಹೆಚ್ಚು. 100 ಮಿ.ಲೀ. ದ್ರಾವಣದಲ್ಲಿ 26 ಗ್ರಾಂ ಶುದ್ಧ ಸಕ್ಕರೆ ಇದ್ದರೆ ಮಾಪಕ 100 ತೋರಿಸಬೇಕು ಎಂಬುದು ಜಗತ್ತಿನ ಸಕ್ಕರೆ ಲ್ಯಾಬುಗಳೆಲ್ಲ ಒಪ್ಪಿಕೊಂಡ ಅಳತೆ. ರಸ, ಸಿಪ್ಪೆ, ಮಡ್ಡಿ, ಕಾಕಂಬಿ, ಎಲ್ಲದರಲ್ಲೂ ಸಕ್ಕರೆ ಎಷ್ಟು ಉಳಿಯಿತು, ಎಷ್ಟು ಹೋಯಿತು ಎಂದು ಅಳೆದು ಕೂಡಿಸಿ ಕಳೆದರೆ ಅರೆದ ಕಬ್ಬಿನಲ್ಲಿ ಶೇಕಡಾ ಎಷ್ಟು ಸಕ್ಕರೆ ಕೈಗೆ ಬಂತು ಎಂಬ, ರೈತರ ಬಾಯಲ್ಲಿ ಸದಾ ಇರುವ ರಿಕವರಿಯ ಲೆಕ್ಕ ಸಿಗುತ್ತದೆ.

ಆ ಲೆಕ್ಕಕ್ಕೆ ದುಡ್ಡಿನ ನಂಟು ನೇರ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಎಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಶೇ 10.25ರ ರಿಕವರಿಗೆ. ಅದರ ಮೇಲೆ ಪ್ರತಿ ಶೇ 0.1ಕ್ಕೆ 3.46 ರೂಪಾಯಿ ಹೆಚ್ಚು, ಕೆಳಗಿಳಿದರೆ ಅಷ್ಟೇ ಕಡಿತ, ಶೇ 9.5ಕ್ಕಿಂತ ಕಡಿಮೆಯಾದರೆ ಅಲ್ಲಿಂದಾಚೆ ಕಡಿತವಿಲ್ಲ. ಎಂದರೆ ದಶಮಾಂಶದ ಬಲಗಡೆಯ ಒಂದು ಅಂಕಿ ಬದಲಾದರೆ 100 ಟನ್ ಕಬ್ಬು ಕೊಟ್ಟವನಿಗೆ 3,460 ರೂಪಾಯಿಯ ವ್ಯತ್ಯಾಸ. ಹೀಗಿರುವಾಗ 'ರಿಕವರಿ ಕಮ್ಮಿ ತೋರಿಸ್ತಾರೆ' ಎಂಬ ಅನುಮಾನ ಹುಟ್ಟದೆ ಇದ್ದೀತೆ? ಡೇರಿಯಲ್ಲಾದರೆ ನಿಮ್ಮ ಹಾಲಿನ ಫ್ಯಾಟು ನಿಮ್ಮೆದುರೇ ಬರುತ್ತದೆ. ಇಲ್ಲಿ ಹಾಗಲ್ಲ, ನಿಮ್ಮ ಕಬ್ಬು ಎಲ್ಲರ ಕಬ್ಬಿನ ಜತೆ ಅರೆದು ಹೋಗುತ್ತದೆ, ರಿಕವರಿ ಇಡೀ ಕಾರ್ಖಾನೆಯದು. ಕೆಮಿಸ್ಟ್ ಗೇಟಿನ ಒಳಗಿರುತ್ತಾನೆ, ರೈತ ಹೊರಗೆ.

ಹೊಗೆಸೊಪ್ಪಿನಲ್ಲಿ ಇದು ತಿರುಗುಮುರುಗು. ಇಲ್ಲಿ ರೈತನೇ ಕೆಮಿಸ್ಟ್.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕೆಂಪು ಮರಳುಗೋಡು ನೆಲದಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುವ ವರ್ಜೀನಿಯಾ ಸೊಪ್ಪಿಗೆ ವ್ಯಾಪಾರದಲ್ಲಿ ಕರ್ನಾಟಕದ ಹಗುರ ಮಣ್ಣಿನ ತಂಬಾಕು ಎಂಬ ಹೆಸರಿದೆ. ತಂಬಾಕು ಮಂಡಳಿ ಹುಟ್ಟಿದ್ದು 1976ರ ಜನವರಿ 1ರಂದು; ಹರಾಜು ಪದ್ಧತಿ ದೇಶದಲ್ಲಿ ಮೊದಲು ಶುರುವಾದದ್ದು ಕರ್ನಾಟಕದಲ್ಲಿ, 1984ರಲ್ಲಿ. ಅಲ್ಲಿಂದೀಚೆಗೆ ಬೇಲಿನ ಬಣ್ಣವೇ ಮನೆಯ ವರ್ಷದ ಆದಾಯ ಬರೆಯುತ್ತಿದೆ. ಆ ಬಣ್ಣ ಹುಟ್ಟುವುದು ಸೊಪ್ಪು ಬೇಯಿಸಿ ಹದ ಮಾಡುವ ಮನೆಯಾದ ಬ್ಯಾರನ್ನಿನಲ್ಲಿ.

ಮುರಿದು ತಂದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದಾಗ ಎಲೆಗೆ ಇನ್ನೂ ಜೀವ ಇರುತ್ತದೆ. ಮೊದಲ ಹಂತದಲ್ಲಿ ಬೇಕಾದ್ದು ಹದವಾದ ಕಾವು, ಸುಮಾರು 35 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಜತೆಗೆ ತೇವ. ಎಲೆ ಉಪವಾಸ ಬೀಳುತ್ತದೆ. ಒಳಗಿನ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ, ಹಸಿರು ಮಾಯವಾಗಿ ಹಳದಿ ಮೇಲೇಳುತ್ತದೆ. ಆತುರಪಟ್ಟು ಸೌದೆ ತುಂಬಿ ಕಾವು ಏರಿಸಿದರೆ ಎಲೆ ಸತ್ತು ಹಸಿರು ಹಾಗೇ ಕೂತುಬಿಡುತ್ತದೆ. ಉದಾಸೀನ ಮಾಡಿ ತಡವಾದರೆ ಎಲೆಯ ಪಾಲಿಫಿನಾಲ್‌ಗಳು ಗಾಳಿಯ ಆಮ್ಲಜನಕದ ಜತೆ ಸೇರಿ ಎಲೆ ಕಂದು ಹೊಡೆಯುತ್ತದೆ, ಬ್ರೈಟ್ ಆಗಬೇಕಿದ್ದದ್ದು ಲೋ ಗ್ರೇಡ್ ಆಗುತ್ತದೆ. ಹಳದಿ ಬಂದ ಮೇಲೆ ಗಾಳಿಕಿಂಡಿ ತೆಗೆದು, ಕಾವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಎಲೆ ಒಣಗಿಸಬೇಕು. ಕೊನೆಗೆ 70 ಡಿಗ್ರಿ ಸಮೀಪ ನಡುನಾರು ಒಣಗಬೇಕು. ಐದಾರು ದಿನ, ರಾತ್ರಿಯೂ ನಿದ್ದೆಯಿಲ್ಲ. ಗಂಡ ಮಲಗಿದರೆ ಹೆಂಡತಿ ಒಲೆ ಮುಂದೆ. ಕಿಣ್ವ, ಉತ್ಕರ್ಷಣ ಎಂಬ ಮಾತೇ ಕೇಳದವರು ಎರಡನ್ನೂ ಸೌದೆ ಎಣಿಸಿ ಅಳೆಯುತ್ತಾರೆ.

ಗೊಬ್ಬರದ ವಿಷಯದಲ್ಲೂ ಹೀಗೆಯೇ. ಬೇರೆ ಬೆಳೆಗೆ ಕಡಿಮೆ ಬೆಲೆಯ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕುವವರು ಹೊಗೆಸೊಪ್ಪಿಗೆ ದುಬಾರಿಯಾದ ಸಲ್ಫೇಟ್ ಆಫ್ ಪೊಟ್ಯಾಷನ್ನೇ ಹಾಕುತ್ತಾರೆ. ಮೊದಲಿನದರಲ್ಲಿ ಕ್ಲೋರೈಡ್ ಇದೆ, ಎಲೆಯಲ್ಲಿ ಕ್ಲೋರೈಡ್ ಹೆಚ್ಚಾದರೆ ಅದು ಸರಿಯಾಗಿ ಉರಿಯುವುದಿಲ್ಲ. ಇದನ್ನೆಲ್ಲ ಪರೀಕ್ಷೆ ಮಾಡಿ ಹೇಳಲು ಹುಣಸೂರಿನಲ್ಲೇ, ಕೆಲ ಕಾಲದ ಹಿಂದಿನವರೆಗೆ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ ಎಂಬ ಹೆಸರಿದ್ದ ಸಂಸ್ಥೆಯ ಕೇಂದ್ರವಿದೆ. ಮಣ್ಣು, ನೀರು, ಎಲೆಯ ನಿಕೋಟಿನ್, ಸಕ್ಕರೆ ಅಳೆಯುವುದು ಅಲ್ಲಿನ ರಸಾಯನ ತಜ್ಞರ ಕೆಲಸ. ಆದರೆ ಹರಾಜು ಕಟ್ಟೆಯಲ್ಲಿ ಬೇಲಿಗೆ ಬೆಲೆ ಕೂಗುವುದು ಲ್ಯಾಬಿನ ವರದಿ ನೋಡಿ ಅಲ್ಲ, ಎಲೆ ಮುಟ್ಟಿ, ಬಣ್ಣ ನೋಡಿ, ಮೂಸಿ. ನನಗೆ ಇದು ಇಂದಿಗೂ ವಿಚಿತ್ರ ಎನಿಸುತ್ತದೆ. 2003ರ ತಂಬಾಕು ನಿಯಂತ್ರಣ ಕಾನೂನು ಬಂದ ಮೇಲೆ, 2004ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದ ಅನುಮೋದಿಸಿದ ಮೇಲೆ ಈ ಬೆಳೆಯ ಆಯುಸ್ಸಿನ ಪ್ರಶ್ನೆ ಎದ್ದಿದೆ. ಪರ್ಯಾಯ ಬೆಳೆ ಹುಡುಕುವ ಕೆಲಸವೂ ಸಂಶೋಧಕರ ಪಾಲಿಗೇ ಬಂದಿದೆ.

ಇಷ್ಟೆಲ್ಲ ಇರುವ ಸೀಮೆಯಿಂದ ಕೆಮಿಸ್ಟ್ ಆಗಲು ಹೊರಡುವ ಹುಡುಗ ಹುಡುಗಿಯರ ದಾರಿ ಹೇಗಿದೆ? ಹುಣಸೂರಿನ ಡಿ. ದೇವರಾಜ ಅರಸು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಕಡೆ ಬಿ.ಎಸ್ಸಿ., ಆಮೇಲೆ ಆದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮೊದಲ ಏಟು ಬೀಳುವುದು ಭಾಷೆಯಿಂದ. ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ಇಂಗ್ಲಿಷಿನ ಪಿಯುಸಿಯಲ್ಲಿ ಆಮ್ಲಜನಕವೂ ಹೊಸದು. ಮೈಸೂರಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಲೇ ಕನ್ನಡದಲ್ಲಿ ವಿಜ್ಞಾನ ಬರೆದ ಜೆ.ಆರ್. ಲಕ್ಷ್ಮಣರಾಯರಂಥವರ ಪುಸ್ತಕಗಳು ಇಂಥ ಕಡೆ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಲೈಬ್ರರಿಯ ಬೀರುವಿನ ಬೀಗ ತೆಗೆಯಬೇಕಷ್ಟೆ.

ಓದು ಮುಗಿದ ಮೇಲೆ ಹೆಚ್ಚಿನವರು ಹತ್ತುವುದು ನಂಜನಗೂಡಿನ ಅಥವಾ ಬೆಂಗಳೂರಿನ ಬಸ್ಸು. ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ (ಕ್ಯೂ.ಸಿ.) ವಿಭಾಗದಲ್ಲಿ ಪಾಳಿ ಕೆಲಸ: ಮಾದರಿ ತೂಗುವುದು, ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುವುದು, ಬಂದ ಗ್ರಾಫು ಓದುವುದು, ಪ್ರತಿಯೊಂದನ್ನೂ ಆ ಕ್ಷಣವೇ ಬರೆದು ಸಹಿ ಹಾಕುವುದು. ತಪ್ಪಿದ್ದನ್ನು ಉಜ್ಜಿ ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಕು ಹಾಕಬೇಕು. ಬುದ್ಧಿವಂತಿಕೆಗಿಂತ ಶಿಸ್ತು ಕೇಳುವ ಕೆಲಸ. ಮೊದಲ ಸಂಬಳ ಬಾಡಿಗೆ, ಊಟಕ್ಕೇ ಆಗುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎರಡು ಮೂರು ವರ್ಷ ಯಂತ್ರದ ಮುಂದೆ ಕೂತವರಿಗೆ ಬೇರೆ ಬಾಗಿಲುಗಳೂ ತೆರೆಯುತ್ತವೆ. ಎಂ.ಎಸ್ಸಿ. ಆಗಿ ಮೂರು ವರ್ಷ ಆಹಾರ ಪರೀಕ್ಷೆಯ ಅನುಭವ ಇದ್ದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಡೆಸುವ ಆಹಾರ ವಿಶ್ಲೇಷಕರ ಪರೀಕ್ಷೆಗೆ ಕೂರಬಹುದು. ಸಕ್ಕರೆಯ ಕಡೆ ಮನಸ್ಸಿದ್ದರೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಕಾನ್ಪುರದಲ್ಲಿ 1936ರಿಂದ ನಡೆಯುತ್ತಿರುವ ರಾಷ್ಟ್ರೀಯ ಸಂಸ್ಥೆ ಇದೆ. ಇನ್ನು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಎಂದರೆ ಸಿಎಫ್‌ಟಿಆರ್‌ಐ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಈ ಸಂಸ್ಥೆಯೇ ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡುವ ವಿಧಾನ ರೂಪಿಸಿ ಅಮುಲ್‌ಗೆ ಕೊಟ್ಟದ್ದು. ಹುಣಸೂರಿನಿಂದ ಬಸ್ಸಿನಲ್ಲಿ ಒಂದೂಕಾಲು ಗಂಟೆ ದೂರ. ಅದರ ಗೇಟು ಕಾಣದೆಯೇ ಬಿ.ಎಸ್ಸಿ. ಮುಗಿಸುವವರೂ ಇದ್ದಾರೆ, ಕಾಲೇಜುಗಳು ವರ್ಷಕ್ಕೊಂದು ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಬಸ್ಸಿನ ಖರ್ಚು ದಂಡವಾಗದು.

ಊರಲ್ಲೇ ಉಳಿಯುವ ಕೆಲಸವೂ ನಿಧಾನವಾಗಿ ಹುಟ್ಟುತ್ತಿದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್‌ನಿಂದ ಬೋರಾನ್‌ವರೆಗೆ 12 ಅಂಶಗಳ ಲೆಕ್ಕ ಇರಬೇಕು. ಅದನ್ನು ಯಾರಾದರೂ ಕೂತು ಅಳೆಯಲೇಬೇಕು. ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಕಿಟ್ ಹಿಡಿದು ನೀರು ಪರೀಕ್ಷಿಸುವುದನ್ನು ಕಲಿಸಬೇಕೆಂಬ ನಿಯಮವಿದೆ. ಹನಿ ಹಾಕಿ ಬಣ್ಣ ನೋಡಿ ಫ್ಲೋರೈಡ್ ಹೇಳುವ ಆ ಕಿಟ್ಟು, ಬಿ.ಎಸ್ಸಿ. ಪ್ರಾಕ್ಟಿಕಲ್ಲಿನ ತಮ್ಮನಿದ್ದ ಹಾಗೆ.

ಕಬ್ಬು, ಹಾಲು ಹಾಕುವವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಸಂಘದ ಸಭೆಗೋ ಕಾರ್ಖಾನೆಯ ಸಭೆಗೋ ಹೋದಾಗ ಫ್ಯಾಟು, ರಿಕವರಿ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಹೇಗೆ ಅಳೆದಿರಿ, ಯಂತ್ರವನ್ನು ಕೊನೆಯ ಸಲ ಯಾವಾಗ ತಾಳೆ ನೋಡಿದಿರಿ ಎಂದೂ ಕೇಳಿ. ಮನೆಯಲ್ಲಿ ಕೆಮಿಸ್ಟ್ರಿ ಓದುವ ಮಗಳಿದ್ದರೆ ಆಕೆಯನ್ನೂ ಕರೆದುಕೊಂಡು ಹೋಗಿ, ಪ್ರಶ್ನೆಯನ್ನು ಆಕೆಯೇ ಕೇಳಲಿ.