ರಕ್ತಪರೀಕ್ಷೆಯ ಸಾಕ್ಷ್ಯ: ವಾಸರ್‌ಮನ್ ಪರೀಕ್ಷೆಯನ್ನು ಕುರಿತು

ತಾಮ್ರಶಾಸನವೊಂದು ದೊರೆತೊಡನೆ ಅದು ಕೂಟಶಾಸನವೋ ಹೇಗೆಂದು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಅಭ್ಯಾಸ. ಪ್ರಯೋಗಶಾಲೆಯ ವರದಿಯನ್ನು ಕಂಡಾಗ ಮಾತ್ರ ಆ ವಿಚಾರವನ್ನು ಮರೆತುಬಿಡುತ್ತೇವೆ.

1906ರಲ್ಲಿ ಜರ್ಮನಿಯ ಆಗಸ್ಟ್ ಫಾನ್ ವಾಸರ್‌ಮನ್, ಆಲ್ಬರ್ಟ್ ನೈಸರ್ ಮತ್ತು ಕಾರ್ಲ್ ಬ್ರುಕ್ ಅವರು ಸಿಫಿಲಿಸ್, ಎಂದರೆ ಪರಂಗಿರೋಗವನ್ನು ರಕ್ತದಿಂದ ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದರು. ರೋಗಪೀಡಿತ ಭ್ರೂಣದ ಯಕೃತ್ತಿನ ಸಾರವನ್ನು ಅವರು ಬಳಸಿದ್ದರು. ಅದರಲ್ಲಿರುವ ರೋಗಾಣುವಿನೊಡನೆ ರೋಗಿಯ ರಕ್ತದಲ್ಲಿನ ಪ್ರತಿಕಾಯಗಳು ಕೂಡುತ್ತವೆಂಬುದು ಅವರ ಊಹೆ. ಆದರೆ ರೋಗವೇ ಇಲ್ಲದ ಅಂಗದ ಸಾರವೂ, ದನದ ಹೃದಯದ ಸಾರವೂ ಅದೇ ಫಲವನ್ನು ಕೊಡುವುವೆಂದು ಬೇಗನೆ ಗೊತ್ತಾಯಿತು. ಊಹೆ ಬಿದ್ದಿತು, ಪರೀಕ್ಷೆ ಉಳಿಯಿತು! ಹೃದಯದ ಸಾರದಲ್ಲಿ ಕೆಲಸಮಾಡುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ದ್ರವ್ಯವನ್ನು ಮೇರಿ ಪ್ಯಾಂಗ್‌ಬಾರ್ನ್ ಅವರು 1941ರಲ್ಲಿ ಬೇರ್ಪಡಿಸಿದರು. ಅದು ನಮ್ಮೆಲ್ಲರ ಜೀವಕೋಶಗಳಲ್ಲಿಯೂ ಇರತಕ್ಕದ್ದು. ಆದಕಾರಣವೇ ಮಲೇರಿಯ, ಕುಷ್ಠ ಮೊದಲಾದ ರೋಗಗಳುಳ್ಳವರ ರಕ್ತವೂ ಕೆಲವೊಮ್ಮೆ 'ಇದೆ' ಎಂದು ಸುಳ್ಳುಸಾಕ್ಷಿ ನುಡಿಯುತ್ತದೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ, ಇದಕ್ಕೆ ವಿರುದ್ಧವಾಗಿ, ರೋಗವಿದ್ದರೂ 'ಇಲ್ಲ' ಎಂಬ ಫಲ ಬರಬಹುದು.

ಈ ಎರಡು ಬಗೆಯ ತಪ್ಪುಗಳನ್ನು ಪ್ರತ್ಯೇಕವಾಗಿ ಅಳೆಯಬೇಕೆಂದು 1947ರಲ್ಲಿ ಜೇಕಬ್ ಯೆರುಶಾಲ್ಮಿ ಅವರು ಎಕ್ಸ್-ರೇ ಚಿತ್ರಗಳನ್ನು ಕುರಿತ ಲೇಖನದಲ್ಲಿ ಸ್ಪಷ್ಟಪಡಿಸಿದರು. ರೋಗವುಳ್ಳವರನ್ನು ಗುರುತಿಸುವ ಶಕ್ತಿ ಸಂವೇದಿತ್ವ. ಇಲ್ಲದವರನ್ನು ಬಿಟ್ಟುಕೊಡುವ ಶಕ್ತಿ ನಿರ್ದಿಷ್ಟತೆ. ಇವೆರಡೂ ಚೆನ್ನಾಗಿದ್ದರೆ ಸಾಕಲ್ಲವೆ? ಸಾಲದು. ನೂರು ರೋಗಿಗಳಲ್ಲಿ 90 ಮಂದಿಯನ್ನು ಹಿಡಿದು, ನೂರು ನಿರೋಗಿಗಳಲ್ಲಿ 95 ಮಂದಿಯನ್ನು ಬಿಡುವ ಪರೀಕ್ಷೆಯೊಂದನ್ನು ಕಲ್ಪಿಸಿಕೊಳ್ಳೋಣ. ಹತ್ತು ಸಾವಿರ ಜನರಲ್ಲಿ ನೂರು ಮಂದಿಗೆ ಮಾತ್ರ ರೋಗವಿದ್ದರೆ, 90 ಮಂದಿ ನಿಜವಾದ ರೋಗಿಗಳೊಡನೆ ನಿರೋಗಿಗಳಾದ 495 ಮಂದಿಯೂ ಸಿಕ್ಕಿಬೀಳುತ್ತಾರೆ. ದೋಷಿಗಳೆನಿಸಿದ ಪ್ರತಿ ನೂರರಲ್ಲಿ ಸುಮಾರು 85 ಮಂದಿ ನಿರ್ದೋಷಿಗಳು! ಅದೇ ಪರೀಕ್ಷೆಯನ್ನು ಅರ್ಧದಷ್ಟು ಜನಕ್ಕೆ ರೋಗವಿರುವ ಚಿಕಿತ್ಸಾಲಯದಲ್ಲಿ ಮಾಡಿದರೆ, ನೂರರಲ್ಲಿ ಸುಮಾರು 95 ನಿಜವಾಗುತ್ತವೆ. ಪರೀಕ್ಷೆ ಬದಲಾಗಲಿಲ್ಲ; ಜನ ಬದಲಾದರು.

ಇದು ಬರಿಯ ಲೆಕ್ಕದ ಮಾತಲ್ಲ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನವು 1935ರಲ್ಲಿ ವಧೂವರರಿಬ್ಬರಿಗೂ ಸಿಫಿಲಿಸ್ ಪರೀಕ್ಷೆಯನ್ನು ಕಡ್ಡಾಯಮಾಡಿತು. ಇತರ ಸಂಸ್ಥಾನಗಳು ಅನುಸರಿಸಿದವು. ಚಿಕಿತ್ಸಾಲಯದಲ್ಲಿ ನಂಬಲರ್ಹವಾಗಿದ್ದ ಪರೀಕ್ಷೆ ಹೀಗೆ ರೋಗ ವಿರಳವಾದ ಜನಸಮುದಾಯಕ್ಕೆ ಬಂದಿತು. ಸುಳ್ಳು ಫಲದಿಂದ ಮದುವೆಗೆ ಅಡ್ಡಿಯಾದವರ ಸ್ಥಿತಿಯನ್ನು ಓದುಗರೇ ಊಹಿಸಬಹುದು. 1949ರಲ್ಲಿ ನೆಲ್ಸನ್ ಮತ್ತು ಮೇಯರ್ ಅವರು ಜೀವಂತ ರೋಗಾಣುವನ್ನೇ ಬಳಸುವ ಪರೀಕ್ಷೆಯನ್ನು ರೂಪಿಸಿದ ಮೇಲೆ, ಹಿಂದೆ ರೋಗಿಗಳೆಂದು ಹೆಸರುಪಟ್ಟಿದ್ದ ಅನೇಕರಿಗೆ ಆ ರೋಗವೇ ಇರಲಿಲ್ಲವೆಂದು ತಿಳಿದುಬಂತು.